ಯಾರೂ ನೋಡದ ತಾರೀಖು: ಟಿವಿ ಮತ್ತು ಹಾಡಿನ ವಾರ್ಷಿಕೋತ್ಸವದ ಕಂತು ಮಾಡಿ ಗೆದ್ದ ನನ್ನ ಅನುಭವ

ಮೈಕಲ್ ಜಾಕ್ಸನ್‌ನ ಮೂನ್‌ವಾಕ್ ಬಗ್ಗೆ ಮಾರ್ಚ್ 25ಕ್ಕೆ ಕಂತು ಹಾಕುತ್ತೇನೆ ಅಂದಾಗ ಪಾಡ್‌ಕಾಸ್ಟ್ ಮಾಡುವ ಗೆಳೆಯರೆಲ್ಲ ನಕ್ಕರು. ಎಲ್ಲರೂ ಮಾಡುವುದು ಮೇ 16ಕ್ಕೆ. 1983ರ ಮೇ 16ರಂದೇ ಅಲ್ವಾ ಅವನ ಮೂನ್‌ವಾಕ್ ಇದ್ದ ಮೋಟೌನ್ 25 ಕಾರ್ಯಕ್ರಮ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಬಂದಿದ್ದು? ಸರಿ, ಆದರೆ ಅದರ ಶೂಟಿಂಗ್ ಆಗಿದ್ದು ಮಾರ್ಚ್ 25ಕ್ಕೆ. ಸಭಾಂಗಣದಲ್ಲಿ ಕೂತವರು ಆ ಹೆಜ್ಜೆಯನ್ನು ಏಳು ವಾರ ಮೊದಲೇ ನೋಡಿದ್ದರು. ನನ್ನ ಕಂತು ಆ ಏಳು ವಾರದ ಮೇಲೆ ನಿಂತಿತು. ನಮ್ಮ ಹಳೇ ಕಂತುಗಳಿಗೆ ಬರುತ್ತಿದ್ದ ಕೇಳುಗರ ಹತ್ತಿರಹತ್ತಿರ ಆರು ಪಟ್ಟು ಜನ ಬಂದರು. ನಕ್ಕವರಲ್ಲಿ ಇಬ್ಬರು ಈಗ ಇದನ್ನೇ ಮಾಡುತ್ತಿದ್ದಾರೆ, ಹೆಸರು ಹೇಳಲ್ಲ.

ಮೊದಲು ಎಲ್ಲರಂತೆ ನಾನೂ ದಿನಕ್ಕೆ ಐದಾರು ಘಟನೆ ಪೋಣಿಸಿ ಓದುತ್ತಿದ್ದೆ. ಇವತ್ತು ಇಂಥವರು ಹುಟ್ಟಿದರು, ಇಂಥ ಹಾಡು ನಂಬರ್ ಒನ್ ಆಯಿತು, ಮುಂದಿನದು. ವರ್ಷದ ಮೇಲೆ ನಡೆಸಿದೆ. ಕೇಳುವವರು ಒಂದು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ದೊಡ್ಡ ತಾರೀಖು ಬಂದರೆ ಇನ್ನೂ ಕಷ್ಟ. ಫೆಬ್ರವರಿ 9, ಬೀಟಲ್ಸ್ ಬ್ಯಾಂಡ್ ಅಮೆರಿಕದ ಟಿವಿಯ ಎಡ್ ಸಲಿವನ್ ಶೋಗೆ ಮೊದಲ ಸಲ ಬಂದ ದಿನ, 1964. ಆವತ್ತು ಪ್ರಪಂಚದ ಪತ್ರಿಕೆ, ಚಾನೆಲ್‌ಗಳೆಲ್ಲ ಅದನ್ನೇ ಹಾಕುತ್ತವೆ. ನಮ್ಮ ಕಂತನ್ನು ಹುಡುಕಿಕೊಂಡು ಯಾರು ಬರುತ್ತಾರೆ?

ದುಡ್ಡಿನ ಕಥೆ ಇನ್ನೂ ಕೆಟ್ಟದ್ದು. ಮೂಲ ಹಾಡಿನ ಇಪ್ಪತ್ತು ಸೆಕೆಂಡ್ ಹಾಕಬೇಕು ಅಂದರೂ ಎರಡು ಕಡೆ ಕೇಳಬೇಕು: ಹಾಡು ಬರೆದವರ ಹಕ್ಕು ಒಂದು, ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು. ಒಂದು ಹಾಡಿಗೆ ಕೇಳಿದ ಮೊತ್ತ ನಮ್ಮ ಮೂರು ತಿಂಗಳ ಖರ್ಚಿಗೆ ಸಮ ಇತ್ತು. ಕೀಬೋರ್ಡ್‌ನವರನ್ನು ಕರೆಸಿ ನಾವೇ ನುಡಿಸೋಣ ಅಂದುಕೊಂಡೆವು. ಅದಕ್ಕೂ ಮೊದಲನೇ ಹಕ್ಕು ಬೇಕೇ ಬೇಕು. ಅವರಿಗೆ ಕೊಟ್ಟ ದುಡ್ಡು ಹೋಯಿತು ಅಷ್ಟೇ. ಫೋಟೋ ಇನ್ನೊಂದು ಗುಂಡಿ. ಒಂದು ಏಜೆನ್ಸಿಯಿಂದ ಹಳೇ ಕಾರ್ಯಕ್ರಮದ ಚಿತ್ರ ಕೊಂಡೆವು, ಅನುಮತಿ ಒಂದೇ ವರ್ಷಕ್ಕೆ. ವಾರ್ಷಿಕೋತ್ಸವ ಅನ್ನೋದು ಪ್ರತಿ ವರ್ಷ ಬರುತ್ತೆ, ಬಿಲ್ಲೂ ಪ್ರತಿ ವರ್ಷ ಬರುತ್ತೆ! ಈಗ ಹಾಡೂ ಇಲ್ಲ, ಫೋಟೋನೂ ಇಲ್ಲ. ಬರೀ ಮಾತು. ಹಾಡು ಹಾಕದೆ ಹಾಡಿನ ಕಂತು ಮಾಡೋಕೆ ಆಗಲ್ಲ ಅನ್ನುವವರಿಗೆ ಒಂದು ಮಾತು: ಕೇಳುವವರ ತಲೆಯಲ್ಲಿ ಆ ಹಾಡು ಆಗಲೇ ಓಡುತ್ತಿರುತ್ತೆ, ನೀವು ಅದು ಶುರುವಾಗುವ ಜಾಗಕ್ಕೆ ಕರೆದುಕೊಂಡು ಹೋದರೆ ಸಾಕು.

ಕೆಲಸ ಮಾಡಿದ ಉಪಾಯ ಇದು. ಪ್ರತಿ ಘಟನೆಗೂ ಹಾಳೆಯಲ್ಲಿ ಮೂರು ಕಾಲಂ: ರೆಕಾರ್ಡ್ ಆದ ದಿನ, ಪ್ರಸಾರ ಆದ ದಿನ, ಅಂಗಡಿಗೆ ಬಂದ ದಿನ. ಮೂರೂ ಬೇರೆ ಬೇರೆ ಇದ್ದರೆ ಎಲ್ಲರೂ ಬಿಟ್ಟ ತಾರೀಖು ನನ್ನದು. ನಿರ್ವಾಣ ಅನ್ನೋ ಅಮೆರಿಕದ ರಾಕ್ ಬ್ಯಾಂಡ್‌ನ ಅನ್‌ಪ್ಲಗ್ಡ್ ಕಾರ್ಯಕ್ರಮ ನೋಡಿ. ರೆಕಾರ್ಡಿಂಗ್ 1993ರ ನವೆಂಬರ್ 18, ಎಂಟಿವಿಯಲ್ಲಿ ಬಂದಿದ್ದು ಡಿಸೆಂಬರ್ 16, ಆಲ್ಬಂ 1994ರ ನವೆಂಬರ್ 1. ಆ ವರ್ಷದ ಏಪ್ರಿಲ್‌ನಲ್ಲಿ ಬ್ಯಾಂಡ್‌ನ ಹಾಡುಗಾರ ಕರ್ಟ್ ಕೊಬೇನ್ ಸತ್ತಿದ್ದ. ಅಂದರೆ ಮೊದಲೆರಡು ತಾರೀಖಿಗೂ ಮೂರನೆಯದಕ್ಕೂ ನಡುವೆ ಕೇಳುವ ಕಿವಿಯೇ ಬದಲಾಗಿತ್ತು. ಒಂದೇ ಸಂಜೆಯ ಹಾಡುಗಾರಿಕೆಗೆ ಮೂರು ಕಂತು ಸಿಕ್ಕವು, ಮೂರೂ ಬೇರೆ ಕಥೆ.

ಎಲ್ವಿಸ್‌ನ ಹವಾಯಿ ಕಾರ್ಯಕ್ರಮ ನನಗೆ ಎಲ್ಲಕ್ಕಿಂತ ಇಷ್ಟ. 1973ರ ಜನವರಿ 14, ಹೊನಲುಲುವಿನಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ಶುರು. ಯಾಕೆ ಆ ಹೊತ್ತು? ಏಷ್ಯಾದ ಕಡೆ ಉಪಗ್ರಹದ ಮೂಲಕ ನೇರ ತೋರಿಸಬೇಕಿತ್ತು, ಅಲ್ಲಿಗೆ ಅದು ಸಂಜೆ. ಅವನ ಸ್ವಂತ ದೇಶದ ಟಿವಿಗೆ ಬಂದಿದ್ದು ಏಪ್ರಿಲ್ 4ಕ್ಕೆ! ಅಮೆರಿಕದವರು ಏಷ್ಯಾದವರಿಗಿಂತ ಹಿಂದೆ. ಏಪ್ರಿಲ್ 4ರ ಕಂತು ಈಗಲೂ ನನ್ನ ಪಟ್ಟಿಯಲ್ಲಿ ಮೇಲಿದೆ.

ಸಮಯದ ವ್ಯತ್ಯಾಸವನ್ನೂ ಹೀಗೇ ಬಳಸಿದೆ. ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಹೂಸ್ಟನ್‌ನಲ್ಲಿ 1969ರ ಜುಲೈ 20ರ ರಾತ್ರಿ, ಲಂಡನ್‌ನಲ್ಲಿ ಆಗಲೇ 21ರ ಬೆಳಗಿನ ಜಾವ. ನಿದ್ದೆಗೆಟ್ಟು ಟಿವಿ ಮುಂದೆ ಕೂತವರ ಕಡೆಯಿಂದ 21ಕ್ಕೆ ಹೇಳಿದೆ. ತಾರೀಖು ತಪ್ಪು ಅಂತ ತಿದ್ದಲು ಬಂದವರೇ ಕಂತನ್ನು ಹತ್ತು ಜನಕ್ಕೆ ಕಳಿಸಿದರು.

ಪೂರ್ತಿ ಲೈವ್ ಆದರೆ ಈ ಉಪಾಯ ಸುಲಭಕ್ಕೆ ನಡೆಯಲ್ಲ. ಇಥಿಯೋಪಿಯಾದ ಬರಕ್ಕೆ ದುಡ್ಡು ಕೂಡಿಸಲು ನಡೆದ ಲೈವ್ ಏಡ್ ಸಂಗೀತ ಕಾರ್ಯಕ್ರಮ 1985ರ ಜುಲೈ 13. ಲಂಡನ್‌ನಲ್ಲೂ ಫಿಲಡೆಲ್ಫಿಯಾದಲ್ಲೂ ಅದೇ ದಿನ. ತಲೆ ಕೆಡಿಸಿಕೊಂಡು ಹಿಂದಕ್ಕೆ ಹೋದೆ. ಇದಕ್ಕೆಲ್ಲ ಮೂಲವಾದದ್ದು ಅದೇ ಉದ್ದೇಶಕ್ಕೆ ಗಾಯಕರೆಲ್ಲ ಸೇರಿ ಹಾಡಿದ ಬ್ಯಾಂಡ್ ಏಡ್ ಹಾಡು, ಅದರ ರೆಕಾರ್ಡಿಂಗ್ 1984ರ ನವೆಂಬರ್ 25ಕ್ಕೆ. ಆ ಸ್ಟುಡಿಯೋದಿಂದ ಶುರು ಮಾಡಿ ಸ್ಟೇಡಿಯಂಗೆ ಬಂದೆ. ಪರವಾಗಿಲ್ಲ ಅನ್ನೋ ಹಾಗೆ ಓಡಿತು.

ಎರಡು ಕಡೆ ಜಾಸ್ತಿ ಎಚ್ಚರ ಬೇಕು. ಹಳೇ ಟಿವಿ ವೇಳಾಪಟ್ಟಿ ಮೊದಲೇ ಅಚ್ಚಾಗಿರುತ್ತೆ. ಹೀಗೆ ಬರಬೇಕಿತ್ತು ಅಂತ ಅದು ಹೇಳುತ್ತೆ, ಬಂತು ಅಂತ ಅಲ್ಲ. ಬಿಬಿಸಿ ಜಿನೋಮ್ ಅನ್ನೋ ವೆಬ್‌ಸೈಟ್‌ನಲ್ಲಿ ಬಿಬಿಸಿ ವೇಳಾಪಟ್ಟಿ ಅಚ್ಚಾಗುತ್ತಿದ್ದ ರೇಡಿಯೋ ಟೈಮ್ಸ್ ಪತ್ರಿಕೆಯ ಹಳೇ ಪಟ್ಟಿಗಳು ಸಿಗುತ್ತವೆ, ತುಂಬಾ ಉಪಯೋಗ, ಆದರೆ ಆಮೇಲೆ ಬದಲಾದದ್ದು ಅದರಲ್ಲಿ ಇರಬೇಕು ಅಂತಿಲ್ಲ. ಬಿಬಿಸಿಯ ಡಾಕ್ಟರ್ ಹೂ ಧಾರಾವಾಹಿ 1963ರ ನವೆಂಬರ್ 23ಕ್ಕೆ ಶುರುವಾಯಿತು, ಕೆನಡಿ ಹತ್ಯೆಯ ಮರುದಿನ. ಮುಂದಿನ ವಾರ ಎರಡನೇ ಕಂತಿಗೆ ಮೊದಲು ಮೊದಲನೆಯದನ್ನೇ ಮತ್ತೆ ಹಾಕಿದರು. ಇಂಥದ್ದಕ್ಕೆ ಮರುದಿನದ ಪೇಪರ್ ಓದಬೇಕು. ಇನ್ನೊಂದು, ಅಮೆರಿಕದಲ್ಲಿ ಹಾಡುಗಳ ಜನಪ್ರಿಯತೆಯ ಪಟ್ಟಿ ಹಾಕುವ ಬಿಲ್‌ಬೋರ್ಡ್ ಪತ್ರಿಕೆ. ಬೀಟಲ್ಸ್ ಮೊದಲ ಐದೂ ಸ್ಥಾನ ಹಿಡಿದ ಪಟ್ಟಿಯ ಮೇಲೆ 1964ರ ಏಪ್ರಿಲ್ 4 ಅಂತ ಇದೆ, ಅದು ಸಂಚಿಕೆಯ ತಾರೀಖು. ಆವತ್ತೇ ಏನೋ ಆಯಿತು ಅಂತ ಕಂತು ಕಟ್ಟಬೇಡಿ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿ ನೋಡಿದೆ: 25, 50 ಅನ್ನೋ ವರ್ಷ ಬಿಟ್ಟು 37, 41 ಅಂಥವಕ್ಕೆ ಮಾತ್ರ ಕಂತು. ಕೇಳುಗರಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ, ಜಾಹೀರಾತುದಾರರಿಗೆ ಮಾತ್ರ ಆಯಿತು. ಅವರಿಗೆ 50 ಬೇಕು. ಹಾಗಾಗಿ ದುಂಡು ವರ್ಷಗಳನ್ನು ಆರು ತಿಂಗಳು ಮೊದಲೇ ಮಾರಿಬಿಡುತ್ತೇನೆ, ವರ್ಷದ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹುಟ್ಟುತ್ತೆ. ಒಟ್ಟು ಲೆಕ್ಕದಲ್ಲಿ ಈಗ ಖರ್ಚಿನ ಒಂದೂವರೆ ಪಟ್ಟು ವಾಪಸ್ ಬರುತ್ತಿದೆ. ಯಾವ ಹೊತ್ತಿಗೆ ಕಂತು ಬಿಡುತ್ತೇನೆ, ಸ್ಟುಡಿಯೋ ತಾರೀಖುಗಳನ್ನು ಎಲ್ಲಿಂದ ತೆಗೆಯುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ. ಎರಡನೆಯದಕ್ಕೆ ಒಂದು ಸುಳಿವು: ಆಲ್ಬಂನ ಮುಂಭಾಗ ನೋಡಬೇಡಿ.

ಸದ್ಯ ಟಿವಿಯ ಹುಟ್ಟುಹಬ್ಬದಲ್ಲೇ ಸಿಕ್ಕಿಕೊಂಡಿದ್ದೇನೆ. ಸ್ಕಾಟ್ಲೆಂಡಿನ ಜಾನ್ ಬೇರ್ಡ್ ಲಂಡನ್‌ನಲ್ಲಿ ತನ್ನ ಟಿವಿ ತೋರಿಸಿದ್ದು 1926ರ ಜನವರಿ 26. ಅಮೆರಿಕದ ಫಾರ್ನ್ಸ್‌ವರ್ತ್ ಎಲೆಕ್ಟ್ರಾನಿಕ್ ಟಿವಿ ಚಿತ್ರ ಕಳಿಸಿದ್ದು 1927ರ ಸೆಪ್ಟೆಂಬರ್ 7. ಬಿಬಿಸಿ ನಿಯಮಿತ ಟಿವಿ ಪ್ರಸಾರ ಶುರುಮಾಡಿದ್ದು 1936ರ ನವೆಂಬರ್ 2. ವಿಶ್ವಸಂಸ್ಥೆಯ ಟಿವಿ ದಿನ ನವೆಂಬರ್ 21. ನನ್ನ ಲೆಕ್ಕದಲ್ಲಿ ಸೆಪ್ಟೆಂಬರ್ 7 ಖಾಲಿ ಇದೆ, ಜಾಹೀರಾತುದಾರರು ಜನವರಿಗೆ ಪಟ್ಟು ಹಿಡಿದಿದ್ದಾರೆ. ಇಬ್ಬರಲ್ಲಿ ಯಾರು ಬಗ್ಗುತ್ತೇವೋ ನೋಡಬೇಕು.