ಡೇರಿ ಮುಂದೆ ನಿಂತ ಮೇಲೆ ರೋಗದ ದನ ಸಿಕ್ಕವು

2022ರಲ್ಲಿ ಮಹಾರಾಷ್ಟ್ರದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಜತ್ತ ತಾಲ್ಲೂಕಿನಲ್ಲಿ ನಮ್ಮ ತಂಡಗಳು ರೋಗದ ದನ ಹುಡುಕುತ್ತ ಮನೆಮನೆ ಸುತ್ತುತ್ತಿದ್ದವು. ಜನ ಹೆದರಿ ರೋಗದ ದನ ತೋರಿಸುತ್ತಲೇ ಇರಲಿಲ್ಲ.

ಹಾಗಾಗಿ ಬೆಳಿಗ್ಗೆ ಹಾಲಿನ ಡೇರಿ ಮುಂದೆ ನಿಲ್ಲಲು ಹುಡುಗರಿಗೆ ಹೇಳಿದೆ. ಜ್ವರ ಬಂದ ಹಸುವಿನ ಹಾಲು ಥಟ್ಟನೆ ಇಳಿಯುತ್ತದೆ, ಅಲ್ವಾ? ಇದು ಮನುಷ್ಯರಿಗೆ ಹರಡುವ ರೋಗವಲ್ಲ, ಹಾಲು ಕಾಯಿಸಿ ಕುಡಿಯಬಹುದು ಅಂತ ಮೊದಲೇ ಹೇಳುತ್ತಿದ್ದೆವು. ಆಮೇಲೆ "ಯಾಕಜ್ಜಾ, ಹಾಲು ಕಡಿಮಿ ಆಗೇದಲ್ಲ?" ಅಂದರೆ ಸಾಕು, ಅಜ್ಜ ತಾವೇ ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತಿದ್ದರು. ಕತ್ತಿನ ಮೇಲೆ ಕೂದಲು ನಿಮಿರಿದ ಕಡೆ ಕೈಯಾಡಿಸಿದರೆ ಗಟ್ಟಿ ಗಂಟು!

ಒಂದು ಪದ್ಧತಿ ಮಾತ್ರ ಬಿಡಲಿಲ್ಲ. ರೋಗವಿಲ್ಲದ ಮನೆ ಮೊದಲು, ರೋಗದ ಕೊಟ್ಟಿಗೆ ಕೊನೆಗೆ. ಸುತ್ತಲಿನ ಆರೋಗ್ಯವಂತ ದನಗಳಿಗೆ ಆಡುಸಿಡುಬಿನ ಲಸಿಕೆ (ಆಡಿನ ಲಸಿಕೆಯಾದರೂ ಈ ರೋಗವನ್ನೂ ತಡೆಯುತ್ತದೆ), ಪ್ರತಿ ದನಕ್ಕೂ ಹೊಸ ಸೂಜಿ.