ಐಸ್ ಪ್ಲಾಂಟಿಗೊಂದು ಫೈಬರ್ ಅಮೋನಿಯಾ ಸೆನ್ಸರ್, ನನ್ನ ಅನುಭವ

ಮಲ್ಪೆ ಬಂದರಿನ ಸುತ್ತ ಐಸ್ ಪ್ಲಾಂಟಿನವ್ರು ತಂಪು ಮಾಡ್ಲಿಕ್ಕೆ ಬಳಸುವ ಅಮೋನಿಯಾ ಗ್ಯಾಸಿನ ಲೀಕ್ ಹುಡುಕುದು ಗಂಧಕದ ಬತ್ತಿ ಹೊತ್ತಿಸಿ, ಪೈಪಿನ ಜಾಯಿಂಟ್ ಹತ್ರ ಹಿಡಿದಾಗ ದಟ್ಟ ಬಿಳಿ ಹೊಗೆ ಎದ್ರೆ ಲೀಕ್ ಅಲ್ಲೇ. ಒಳ್ಳೆ ಉಪಾಯ, ಆದ್ರೆ ರಾತ್ರಿಯಿಡೀ ಬತ್ತಿ ಹಿಡ್ಕೊಂಡು ಕೂರ್ಲಿಕ್ಕೆ ಆಗುದಿಲ್ಲ, ಅದಕ್ಕೇ ನಾನು ಫೈಬರ್ (ಬೆಳಕು ಸಾಗಿಸುವ ಸಪೂರ ಎಳೆ) ಸೆನ್ಸರಿಗೆ ಕೈ ಹಾಕಿದ್ದು. ಗ್ಯಾಸ್ ಇರುವ ಜಾಗಕ್ಕೆ ಕರೆಂಟ್ ಹೋಗ್ಬೇಕಂತಲೇ ಇಲ್ಲ, ಬೆಳಕು ಮಾತ್ರ ಹೋಗ್ತದೆ. ಗಾಳಿಯಲ್ಲಿ ಅಮೋನಿಯಾ ಸುಮಾರು 15ರಿಂದ 28 ಶೇಕಡಾ ಇದ್ರೆ ಕಿಡಿಗೆ ಹೊತ್ತಿಕೊಳ್ತದೆ, ಮೇಲಿಂದ ನಮ್ಮ ಉಪ್ಪುಗಾಳಿಗೆ ತಾಮ್ರದ ಟರ್ಮಿನಲ್ ಎಷ್ಟು ದಿನ ಬಾಳ್ತದೆ ಅಂತ ಇಲ್ಲಿಯವ್ರಿಗೆ ಹೇಳ್ಬೇಕಾ.

ತಗೊಂಡದ್ದು 1 ಮಿ.ಮೀ. ಪ್ಲಾಸ್ಟಿಕ್ ಫೈಬರ್. ಮಧ್ಯದಲ್ಲಿ ಸ್ವಲ್ಪ ಜಾಗದ ಹೊರಗಿನ ಜಾಕೆಟ್ ಕೆತ್ತಿ, ಬೆಳಕನ್ನು ಒಳಗೇ ಹಿಡಿದಿಡುವ ಕ್ಲಾಡಿಂಗ್ ಪದರವನ್ನು ನಯ ಸ್ಯಾಂಡ್‌ಪೇಪರಲ್ಲಿ ಉಜ್ಜಿ ತೆಗ್ದೆ, ಅಸಿಟೋನ್‌ನಲ್ಲಿ ಕೆಲಸ ಬೇಗ ಆದ್ರೂ ಫೈಬರ್ ಬಿರುಕು ಬಿಡ್ತದೆ. ಆ ಜಾಗವನ್ನು ಯು ಆಕಾರಕ್ಕೆ ಬಗ್ಗಿಸಿ, ಕ್ಷಾರ ತಾಗಿದ್ರೆ ಬಣ್ಣ ಬದಲಿಸುವ ಬ್ರೋಮೋಕ್ರೆಸಾಲ್ ಪರ್ಪಲ್ ಸೇರಿಸಿದ ಸಿಲಿಕಾ ಸೋಲ್-ಜೆಲ್ (ದ್ರವವಾಗಿ ಹಚ್ಚಿದ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ) ಲೇಪ ಕೊಟ್ಟೆ. ಫೈಬರಿನ ಬೆಳಕು ಮೇಲ್ಮೈ ದಾಟಿ ಒಂಚೂರು ಹೊರಗೂ ಹರಡಿರ್ತದೆ, ಅಮೋನಿಯಾ ಬಂದಾಗ ಹಳದಿ ಲೇಪ ನೇರಳೆಗೆ ತಿರುಗಿ 590 ನ್ಯಾನೋಮೀಟರ್ ಸುತ್ತಿನ ಬೆಳಕನ್ನು ನುಂಗ್ತದೆ, ಆಚೆ ತುದಿಯಲ್ಲಿ ಬೆಳಕು ಅಳೆಯುವ ಫೋಟೋಡಯೋಡಲ್ಲಿ ಸಿಗ್ನಲ್ ಇಳೀತದೆ. ಅಷ್ಟೇ ತತ್ವ.

ನಿಜವಾದ ಕೆಲಸ ಇರುದು ತೇವದ್ದು ಮಾರಾಯ್ರೆ. ಅಮೋನಿಯಾ ನೀರಲ್ಲಿ ಕರಗಿದ್ರೆ ಮಾತ್ರ ಲೇಪ ಕ್ಷಾರ ಆಗುದು, ಹಾಗಾಗಿ ತೇವ ಬೇಕೇ ಬೇಕು, ಆದ್ರೆ ಜೂನ್ ಬಂತೆಂದ್ರೆ ಲೇಪ ನೀರು ಹೀರಿ ಹೀರಿ ಗ್ಯಾಸ್ ಇಲ್ಲದೆಯೂ ರೀಡಿಂಗ್ ಜಾರ್ತಾ ಇರ್ತದೆ. ಅದಕ್ಕೆ ಪಕ್ಕದಲ್ಲೇ ಇನ್ನೊಂದು ಫೈಬರ್ ಇಟ್ಟೆ, ಅದೇ ಲೇಪ ಆದ್ರೆ ಬಣ್ಣ ಇಲ್ಲ, ಒಂದೇ ಎಲ್‌ಇಡಿಯಿಂದ ಎರಡಕ್ಕೂ ಬೆಳಕು, ನೋಡುದು ಎರಡರ ಅನುಪಾತ. ಎಲ್‌ಇಡಿ ಮಂಕಾದ್ರೂ ಹಾಗೇ ಸರಿ ಹೋಗ್ತದೆ. ಆದ್ರೂ ತೇವಕ್ಕೆ ತಕ್ಕ ಹಾಗೆ ಸ್ಪಂದನೆ ಹೆಚ್ಚುಕಮ್ಮಿ ಆಗ್ತದೆ, ಆದ್ದರಿಂದ ಮುಚ್ಚಿದ ಡಬ್ಬಿಯಲ್ಲಿ ಕರಗದೆ ಉಳಿಯುವಷ್ಟು ಅಡುಗೆ ಉಪ್ಪು ಹಾಕಿದ ನೀರಿಟ್ಟು 75 ಶೇಕಡಾ ತೇವ, ಪೊಟ್ಯಾಸಿಯಂ ಸಲ್ಫೇಟ್ ದ್ರಾವಣ ಇಟ್ಟು 97ರ ಹತ್ತಿರ, ಹೀಗೆ ಬೇರೆಬೇರೆ ಕ್ಯಾಲಿಬ್ರೇಶನ್ (ಎಷ್ಟು ಗ್ಯಾಸಿಗೆ ಎಷ್ಟು ರೀಡಿಂಗ್ ಅಂತ ಗುರುತು ಹಾಕುದು) ಮಾಡಿದೆ. ಬೇಸಿಗೆಯ ಒಂದೇ ಕರ್ವ್ ನಂಬಿ ಮಳೆಗಾಲ ಕಳೀಲಿಕ್ಕೆ ಕರಾವಳಿಯಲ್ಲಿ ಆಗುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಅಲಾರಂ ಇಟ್ಟದ್ದು 25 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು ಗ್ಯಾಸ್), 300 ಅಂದ್ರೆ ಜೀವಕ್ಕೇ ಅಪಾಯ. ಗ್ಯಾಸ್ ಹಗುರ ಅಂತ ಮೇಲೆ ಮಾತ್ರ ಸೆನ್ಸರ್ ಇಟ್ರೆ ಸಾಲದು, ದ್ರವ ಅಮೋನಿಯಾ ಸೋರಿದ್ರೆ ತಣ್ಣನೆ ಮಂಜಾಗಿ ನೆಲದಲ್ಲೇ ಹರಡ್ತದೆ, ಕಂಪ್ರೆಸರ್ ಬುಡದಲ್ಲೂ ಒಂದು ಬೇಕು. ಬಿಸಿಲಿಗೆ ಬಣ್ಣ ಮಾಸುದು ಉಂಟು, ತೂತಿರುವ ಕಪ್ಪು ಪೈಪಿನ ಒಳಗೆ ಇಡಿ.