ಸೆಲ್ಲು ಹಾಕಿದರೂ ಓಡದ ವಾಚುಗಳು

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಜಪಾನಿನ ಕವಾಸಕಿಗೆ ಬಂದ ಮೇಲೆ ನಾಲ್ಕು ವರ್ಷದಲ್ಲಿ 31ನೋ 32ನೋ ಹಳೇ ಜಪಾನಿ ಕ್ವಾರ್ಟ್ಜ್ (ಸೆಲ್ಲಿನಿಂದ ಓಡುವ) ಡ್ರೆಸ್ ವಾಚು ಕೊಂಡಿದ್ದೇನೆ, ಎಲ್ಲವೂ ನಿಂತುಹೋದವೇ. ಇವತ್ತು 22 ಓಡುತ್ತಿವೆ. ಖರ್ಚು ಎಲ್ಲಾ ಸೇರಿ 70 ಸಾವಿರ ಯೆನ್ ಆಸುಪಾಸು. ಟೋಕಿಯೋದ ನಾಕಾನೊ ಬ್ರಾಡ್‌ವೇ ಅಂಗಡಿಗಳಲ್ಲಿ ಓಡುವ ಸ್ಥಿತಿಯ ಸೈಕೊ ಟ್ವಿನ್ ಕ್ವಾರ್ಟ್ಜ್ (ಎರಡು ಹರಳಿನ ವಾಚು) ಒಂದಕ್ಕೇ 38 ಸಾವಿರ ಕೇಳಿದ್ದರು.

ಊರಿನ ವಾಚ್ ರಿಪೇರಿಯವರಿಗೆ ಫೋನ್ ಮಾಡಿದಾಗ, "ಮಷೀನೇ ಬದಲಾಯ್ಸಿ ಸಾರ್, ಕ್ವಾರ್ಟ್ಜ್‌ನ ಯಾರು ಬಿಚ್ಚಿ ತೊಳೀತಾರೆ?" ಅಂದಿದ್ದರು. ಇಲ್ಲಿನ ಗೆಳೆಯರದೂ ಅದೇ ಮಾತು. ಆದರೆ ಸೈಕೊ ಟ್ವಿನ್ ಕ್ವಾರ್ಟ್ಜಿನ 9943 ಮಷೀನಿಗೆ ಬದಲಿ ಎಲ್ಲಿಂದ ತರುವುದು? ನನ್ನದರ ಸೀರಿಯಲ್ 8N ಅಂತ ಶುರುವಾಗುತ್ತದೆ, ಅಂದರೆ 1978ರ ನವೆಂಬರಿನಲ್ಲಿ ಮಾಡಿದ್ದು.

ಶುರುವಿನಲ್ಲಿ ದುಡ್ಡು ಹೋಗಿದ್ದು ಆತುರಕ್ಕೆ. ಒಣಗಿದ ಎಣ್ಣೆಯನ್ನು ದಾಟಿಸೋಣ ಅಂತ ಸೆಲ್ಲಿನ ಎರಡರಷ್ಟು, 3 ವೋಲ್ಟ್ ಕೊಟ್ಟೆ, ಎರಡು ಸರ್ಕ್ಯೂಟ್ ಹೋದವು. ಆಮೇಲೆ ಒಂದು ಸೈಕೊ ಡೋಲ್ಚೆಯಲ್ಲಿ ರೋಟರಿನ (ಮೋಟಾರಿನಲ್ಲಿ ತಿರುಗುವ ಭಾಗ) ಅಯಸ್ಕಾಂತ ಸ್ಕ್ರೂಡ್ರೈವರನ್ನು ಎಳೆದುಕೊಂಡಿತು, ತುದಿ ಕಾಯಿಲ್, ಅಂದರೆ ಮೋಟಾರಿನ ತಂತಿ ಸುರುಳಿ, ಅದರ ಮೇಲೆ ಉಜ್ಜಿತು. ಕೂದಲಿಗಿಂತ ಸಣ್ಣ ತಂತಿ, ಅಲ್ಲಿಗೆ ಮುಗಿಯಿತು. 9 ಸಾವಿರ ಯೆನ್ ಹೋಯಿತು. ಆವತ್ತಿನಿಂದ ರೋಟರಿನ ಹತ್ತಿರ, ಅಯಸ್ಕಾಂತಕ್ಕೆ ಅಂಟದ ಹಿತ್ತಾಳೆ ಚಿಮಟ ಬಿಟ್ಟು ಬೇರೆ ಮುಟ್ಟಿಲ್ಲ.

ಮೂರನೇ ತಪ್ಪು ಅಪ್ಪನ ವಾಚಿನಿಂದ ಬಂದದ್ದು. ನಾನು ಕೈ ಪಳಗಿಸಿದ್ದು ಅವರ ಕೀ ಕೊಡುವ ಎಚ್‌ಎಂಟಿ ಮೇಲೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿಯೇ ಎಚ್‌ಎಂಟಿ ವಾಚು ಶುರು ಮಾಡಿದ್ದು, ಹಾಗಾಗಿ ಜಪಾನಿ ಮಷೀನು ನನಗೆ ಗೊತ್ತು ಅನ್ನೋ ಧೈರ್ಯವಿತ್ತು. ಸ್ಪ್ರಿಂಗ್ ವಾಚಿಗೆ ಎಣ್ಣೆ ಸ್ವಲ್ಪ ಹೆಚ್ಚಾದರೂ ತಳ್ಳಿಕೊಂಡು ಓಡುತ್ತದೆ. ಕ್ವಾರ್ಟ್ಜಿನ ಮೋಟಾರಿಗೆ ಆ ಶಕ್ತಿ ಇಲ್ಲ. ಎಚ್‌ಎಂಟಿಗೆ ಬಿಡುವಷ್ಟೇ ಬಿಟ್ಟೆ, ತೊಳೆದ ಮೂರು ವಾಚು ಎರಡೇ ವಾರದಲ್ಲಿ ಮತ್ತೆ ನಿಂತವು.

ಈಗ ನನ್ನ ಕ್ರಮ ಇಷ್ಟೇ. ಅಂಗಡಿಯ ಜಂಕ್ ಡಬ್ಬಿಯಲ್ಲಿ 550 ಯೆನ್‌ಗೋ 1,100ಕ್ಕೋ ಸಿಗುವುದರಲ್ಲಿ ಗಾಜು, ಡಯಲ್ ಚೆನ್ನಾಗಿರುವುದನ್ನು ಆರಿಸುತ್ತೇನೆ. ಮನೆಗೆ ಬಂದು ಮೊದಲು ಕಾಯಿಲ್‌ಗೆ ಮೀಟರ್. ಒಂದೆರಡು ಕಿಲೋ ಓಮ್ ತೋರಿಸಿದರೆ ತಂತಿ ಕಡಿದಿಲ್ಲ, ವಾಚು ಬದುಕುವ ಆಸೆ ಇದೆ. ಸೆಲ್ಲು ಸೋರಿದ ಹಸಿರು ಕಿಲುಬು ಕ್ಷಾರ, ವಿನೆಗರ್ ಅದ್ದಿದ ಕಡ್ಡಿಗೆ ಬಿಡುತ್ತದೆ, ಆಮೇಲೆ ಆಲ್ಕೊಹಾಲ್. ಚಕ್ರಗಳನ್ನೆಲ್ಲಾ ಬಿಚ್ಚಿ ತೊಳೆಯುತ್ತೇನೆ. ಎಣ್ಣೆ ಯಾವುದು, ಯಾವ ಚಕ್ರಕ್ಕೆ ಬಿಡುವುದೇ ಇಲ್ಲ ಅನ್ನುವುದು ನನ್ನಲ್ಲೇ ಇರಲಿ, ಒಂದೂವರೆ ವರ್ಷ ಕಲಿತದ್ದು ಅದು. ಯಾವ ಅಂಗಡಿ, ಯಾವ ದಿನ ಅನ್ನುವುದನ್ನೂ ಹೇಳಲಾರೆ.

ನಡುವೆ ಫ್ರಿಜ್ಜಿನ ಪ್ರಯೋಗವೊಂದನ್ನು ಮಾಡಿದೆ. 9943ರಲ್ಲಿ ಎರಡು ಕ್ವಾರ್ಟ್ಜ್ ಹರಳು. ಒಂದು ಸಮಯಕ್ಕೆ, ಇನ್ನೊಂದು ಶಾಖ ಅಳೆದು ಮೊದಲನೆಯದನ್ನು ತಿದ್ದುವುದಕ್ಕೆ. ಅದನ್ನೂ ಒಂದೇ ಹರಳಿನ ಒಂದು ಸೈಕೊವನ್ನೂ ಡಬ್ಬಿಯಲ್ಲಿ ಮುಚ್ಚಿ 10 ದಿನ ಫ್ರಿಜ್ಜಿನಲ್ಲಿಟ್ಟು, ಇಲ್ಲಿ ಸರಿಯಾದ ಸಮಯ ಹೇಳುವ 117ಕ್ಕೆ ಫೋನ್ ಮಾಡಿ ಹೋಲಿಸಿದೆ. ಒಂದೇ ಹರಳಿನದು 11–12 ಸೆಕೆಂಡ್ ಹಿಂದೆ ಬಿದ್ದಿತ್ತು. ಟ್ವಿನ್ ಕ್ವಾರ್ಟ್ಜ್ ಒಂದು ಸೆಕೆಂಡೂ ಕದಲಿರಲಿಲ್ಲ. ವರ್ಷಕ್ಕೆ ಹೆಚ್ಚೆಂದರೆ 10 ಸೆಕೆಂಡ್ ವ್ಯತ್ಯಾಸ ಅಂತ ಕಂಪನಿ ಆಗ ಹೇಳಿಕೊಂಡಿತ್ತು, ನನ್ನದು ಕಳೆದ ವರ್ಷ ಪೂರ್ತಿ 7 ಸೆಕೆಂಡ್ ಮುಂದೆ ಹೋಗಿದೆ. ಆ ಸೆಕೆಂಡ್ ಮುಳ್ಳು ಒಂದೊಂದೇ ಗೆರೆಯ ಮೇಲೆ ಸರಿಯಾಗಿ ಬಂದು ಕೂರುವುದನ್ನು ನೋಡುತ್ತಾ ಎಷ್ಟೋ ರಾತ್ರಿ ಕಳೆದಿದ್ದೇನೆ.

ಓಡದೆ ಉಳಿದವುಗಳಲ್ಲಿ ಐದಕ್ಕೆ ಕಾಯಿಲ್ ಕಡಿದಿದೆ. ತಂತಿಯನ್ನು ಹೊಸದಾಗಿ ಸುತ್ತಲು ಎರಡು ಸಲ ಕೂತೆ, ಎರಡು ಸಲವೂ ಸುಮಾರು ನಾನೂರನೇ ಸುತ್ತಿಗೆ ಹರಿಯಿತು. ಸುತ್ತುವ ಮೋಟಾರಿನ ವೇಗ ಇನ್ನೂ ಇಳಿಸಬೇಕು.